ಜೇಬಿನಲ್ಲೊಂದು ತೊಟ್ಟಿ ಮನೆ

ನಮ್ಮ ಸಂಘದ ಈ ಪತ್ರಿಕೆಯಲ್ಲಿ ವಿಮರ್ಶೆಯೆಂದರೆ ಒಂದು ಕಾದಂಬರಿಯದೋ, ಕವನ ಸಂಕಲನದ್ದೋ, ರಾಜ್ಯೋತ್ಸವದಂದು ನಮ್ಮವರೇ ಆಡಿದ ನಾಟಕದ್ದೋ ಆಗಿರುವುದು ವಾಡಿಕೆ. ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಆಟವೊಂದನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆಂದರೆ ಹಿರಿಯರು ಕೆಲವರು ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿಯಾರು. ಅವರಲ್ಲಿ ನನ್ನದೊಂದು ಅರಿಕೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ, ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವನು. ಕಡತ ಎಲ್ಲಿದೆ, ಯಾರ ವಶದಲ್ಲಿದೆ, ಪ್ರತಿ ಇದೆಯೇ ಎಂದು ಕೇಳುವುದೇ ನನಗೆ ಗೊತ್ತಿರುವ ವಿಮರ್ಶೆ. ಅದೇ ಮೂರು ಪ್ರಶ್ನೆಗಳನ್ನು ಈ ಆಟಕ್ಕೂ ಕೇಳಿದ್ದೇನೆ. ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳಿಗೆ ಅವು ಸಣ್ಣ ಪ್ರಶ್ನೆಗಳಲ್ಲವೆಂದು ನನ್ನ ನಂಬಿಕೆ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬಾತ ಇದನ್ನು 2009ರಲ್ಲಿ ಮೊದಲು ಹೊರತಂದ. 2011ರ ನವೆಂಬರಿನಲ್ಲಿ ಪೂರ್ಣರೂಪ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇದನ್ನು 250 ಕೋಟಿ ಡಾಲರುಗಳಿಗೆ ಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇಂಥ ಆಟಗಳಿಗೆ ಇಂಗ್ಲಿಷಿನಲ್ಲಿ ಮರಳ ಪೆಟ್ಟಿಗೆ ಎಂಬರ್ಥದ ಹೆಸರಿದೆ. ಹೆಸರು ಹೊಸದಾದರೂ ವಿಷಯ ಹಳೆಯದು. ಮರಳಿನಲ್ಲಿ ಕಾಲು ಹುಗಿದು, ಮೇಲೆ ತಟ್ಟಿ ತಟ್ಟಿ, ಮೆಲ್ಲಗೆ ಕಾಲು ತೆಗೆದು ಗುಬ್ಬಿಗೂಡು ಕಟ್ಟದವರು ನಮ್ಮಲ್ಲಿ ಯಾರಿದ್ದಾರೆ? ದಸರೆಯ ಬೊಂಬೆ ಕೂರಿಸುವಾಗ ಮೆಟ್ಟಿಲುಗಳ ಕೆಳಗೆ ಮರಳು ಹರಡಿ, ರಾಗಿ ಚೆಲ್ಲಿ ಪೈರು ಬರಿಸಿ, ತಟ್ಟೆಯಲ್ಲಿ ನೀರಿಟ್ಟು ಕೆರೆಯೆಂದು ಕರೆದವರೇ ಅಲ್ಲವೇ ನಾವೆಲ್ಲ? ಗೆಲ್ಲಬೇಕು, ಅಂಕ ಗಳಿಸಬೇಕು, ಎದುರಾಳಿಯನ್ನು ಕೊಲ್ಲಬೇಕು ಎಂಬ ಕಡ್ಡಾಯ ಅಲ್ಲಿರಲಿಲ್ಲ. ಈ ಆಟದಲ್ಲೂ ಇಲ್ಲ. ಪ್ರಪಂಚವೆಲ್ಲ ಒಂದೊಂದು ಮೀಟರಿನ ಘನಾಕೃತಿಗಳಿಂದ ಆಗಿದೆ. ಒಂದನ್ನು ಕಿತ್ತು ಇನ್ನೊಂದೆಡೆ ಇಡಬೇಕು, ಕಟ್ಟುತ್ತ ಹೋಗಬೇಕು. ಇಪ್ಪತ್ತು ನಿಮಿಷಕ್ಕೊಂದು ಹಗಲಿರುಳು ಮುಗಿಯುತ್ತದೆ. ರಾತ್ರಿ ಕಾಟ ಕೊಡುವ ಭೂತಗಳು ಬೇಡವೆಂದರೆ ಬರೀ ಕಟ್ಟುವುದಕ್ಕೆಂದೇ ಬೇರೆ ಕ್ರಮವೂ ಉಂಟು.

2020ರ ಲಾಕ್‌ಡೌನಿನಲ್ಲಿ ನನ್ನ ಮಗಳಿಗೆ ಹತ್ತು ವರ್ಷ. ಬೇಸಿಗೆ ರಜೆಗೆ ಊರಿಗೆ ಹೋಗುವಂತಿಲ್ಲ. ನಮ್ಮ ಊರು ತಿಪಟೂರಿನ ಹತ್ತಿರದ ಹಳ್ಳಿ. ಅಲ್ಲಿ ನಮ್ಮ ತಂದೆಯವರು ಒಬ್ಬರೇ ಹಳೆಯ ತೊಟ್ಟಿ ಮನೆಯಲ್ಲಿದ್ದರು. ದಿನವೂ ಸಂಜೆ ಮೊಮ್ಮಗಳು ಫೋನು ಮಾಡುವಳು. ಏನು ಮಾತನಾಡುವುದೆಂದು ಇಬ್ಬರಿಗೂ ತೋಚದೆ ಹೋದ ಒಂದು ದಿನ ಅವಳೇ, "ತಾತ, ನಿಮ್ಮ ಮನೇನ ಇಲ್ಲಿ ಕಟ್ಟಲಾ? ನೀವು ಅಳತೆ ಹೇಳಿ" ಎಂದಳು. ಅಂದಿನಿಂದ ಆರು ತಿಂಗಳು ನಮ್ಮ ತಂದೆಯವರು ಫೋನಿನಲ್ಲಿ ಅಳತೆ ಹೇಳಿದರು, ಅವಳು ಕಟ್ಟಿದಳು. ಜಗಲಿ ಎಷ್ಟು ಉದ್ದ, ಹೊಸ್ತಿಲಿನಿಂದ ತೊಟ್ಟಿಗೆ ಎಷ್ಟು ಹೆಜ್ಜೆ, ನಡುಮನೆಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಅಟ್ಟದ ಏಣಿ ಎಲ್ಲಿ, ಬಚ್ಚಲುಮನೆಯ ಒಲೆಯ ಬಾಯಿ ಒಳಗೋ ಹೊರಗೋ. ಎಪ್ಪತ್ತೆಂಟು ವರ್ಷದ ಮುದುಕರು ಕೋಲು ಹಿಡಿದು ಮನೆಯೆಲ್ಲ ಹೆಜ್ಜೆ ಅಳೆದು ಬಂದು ಮತ್ತೆ ಫೋನು ಮಾಡುತ್ತಿದ್ದರು. ಆ ಮನೆಯಲ್ಲೇ ಹುಟ್ಟಿದ ನನಗೆ ಅವುಗಳಲ್ಲಿ ಅರ್ಧ ಗೊತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಈಗ ಗುಣದೋಷಗಳಿಗೆ ಬರೋಣ. ತೊಟ್ಟಿ ಮನೆಗೆ ಈ ಆಟ ಒಂದು ಬಗೆಯಲ್ಲಿ ಹೇಳಿ ಮಾಡಿಸಿದಂತಿದೆ. ಚೌಕ ಅಂಗಳ, ಚೌಕ ಕೋಣೆ, ನೇರ ತೊಲೆ. ಮಳೆ ಬಂದರೆ ಸೂರಿನ ಮೇಲೆ ನಿಂತು, ತೆರೆದ ತೊಟ್ಟಿಯೊಳಕ್ಕೆ ಮಾತ್ರ ಬೀಳುತ್ತದೆ. ಅಲ್ಲಿ ಅವಳು ಹಂಡೆಯ ಬದಲು ಒಂದು ಕಬ್ಬಿಣದ ಕೊಪ್ಪರಿಗೆ ಇಟ್ಟಿದ್ದಾಳೆ; ಮಳೆಗೆ ಅದು ನಿಧಾನವಾಗಿ ತುಂಬುತ್ತದೆ. ಇಂಥ ಸಣ್ಣ ಸತ್ಯಗಳನ್ನು ಗಮನಿಸಿದ ಕರ್ತೃಗಳನ್ನು ಮೆಚ್ಚಲೇಬೇಕು. ಆದರೆ ದುಂಡು ಕಂಬ ಇಲ್ಲಿ ಸಾಧ್ಯವಿಲ್ಲ. ನಮ್ಮ ಜಗಲಿಯ ನಾಲ್ಕು ಕಂಬಗಳೂ ಚೌಕವಾಗಿ ನಿಂತಿವೆ. ತೆಂಗಿನ ಮರವಂತೂ ಇಲ್ಲವೇ ಇಲ್ಲ. ತೆಂಗಿಲ್ಲದ ತಿಪಟೂರು! ನಮ್ಮ ತಂದೆಯವರು ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ಕೊನೆಗೆ ಕಾಡುಮರದ ಉದ್ದ ಬೊಡ್ಡೆಗಳನ್ನು ನೆಟ್ಟು, ತುದಿಗೆ ಎಲೆ ಸಿಕ್ಕಿಸಿ, ತೋಟವೆಂದು ಕರೆದದ್ದಾಯಿತು.

ಭೌತಶಾಸ್ತ್ರ ಓದಿದವನ ಕಣ್ಣಿಗೆ ಇನ್ನೂ ಕೆಲವು ತಮಾಷೆಗಳು ಕಾಣುತ್ತವೆ. ಇಲ್ಲಿ ಗುರುತ್ವಾಕರ್ಷಣೆ ಮರಳು, ಜಲ್ಲಿ ಮುಂತಾದ ಕೆಲವಕ್ಕೆ ಮಾತ್ರ ಅನ್ವಯಿಸುತ್ತದೆ. ಮರದ ಬುಡ ಕಡಿದರೆ ಮೇಲಿನ ಭಾಗ ಗಾಳಿಯಲ್ಲಿ ಹಾಗೇ ನಿಂತಿರುತ್ತದೆ. ಎರಡು ಅಡ್ಡ, ಎರಡು ಉದ್ದದ ಗುಂಡಿ ತೋಡಿ ಎದುರುಬದುರು ಮೂಲೆಗಳಿಗೆ ಎರಡು ಬಕೆಟ್ ನೀರು ಸುರಿದರೆ ಮುಗಿಯಿತು. ಎಷ್ಟು ಸೇದಿದರೂ ಆ ನೀರು ತೀರುವುದಿಲ್ಲ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ನಾಲ್ಕೂ ಬತ್ತಿ, ಜುಲೈಯಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಿದ ಚೆನ್ನೈ ನಗರದಲ್ಲಿ ಬೆಳೆದ ಹುಡುಗಿ ಇದನ್ನು ಕಂಡು, "ಅಪ್ಪ, ಇದು ಮಾತ್ರ ಸುಳ್ಳು" ಎಂದಳು. ಅದಕ್ಕಿಂತ ಒಳ್ಳೆಯ ವಿಮರ್ಶಾ ವಾಕ್ಯ ನನಗೆ ಹೊಳೆದಿಲ್ಲ.

ಇನ್ನು ಪೆನ್ ಡ್ರೈವಿನ ಕಥೆ. ಮಗಳಿಗೆ ಎದುರು ಮನೆಯಲ್ಲೊಬ್ಬಳು ತಮಿಳು ಗೆಳತಿ. ಒಂದು ದಿನ ಇವರ ಮನೆಯಲ್ಲಿ, ಒಂದು ದಿನ ಅವರ ಮನೆಯಲ್ಲಿ ಕುಳಿತು ಕಟ್ಟಬೇಕು. ಕಂಪ್ಯೂಟರನ್ನು ಹೊತ್ತು ತಿರುಗಲಾದೀತೇ? ಹೀಗಾಗಿ ರಿಚ್ಚಿ ಸ್ಟ್ರೀಟಿಗೆ ಹೋಗಿ 32 ಗಿಗಾಬೈಟಿನ ಪೆನ್ ಡ್ರೈವ್ ತಂದೆ. 2000ನೇ ಇಸವಿಯಲ್ಲಿ ಇಂಥ ಕಡ್ಡಿಗಳು ಮೊದಲು ಮಾರಾಟಕ್ಕೆ ಬಂದಾಗ ಅವುಗಳ ಧಾರಣಶಕ್ತಿ 8 ಮೆಗಾಬೈಟ್ ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಆದರೆ 32 ಆದರೇನು, ಕೇಂದ್ರದಿಂದ ಪ್ರತಿ ದಿಕ್ಕಿಗೂ ಸುಮಾರು ಮೂರು ಕೋಟಿ ಘನಗಳಷ್ಟು ಹರಡಿರುವ ಪ್ರಪಂಚವನ್ನು ಹೆಬ್ಬೆರಳಿನಷ್ಟು ಕಡ್ಡಿಯಲ್ಲಿ ಇಡುವುದು ಹೇಗೆ?

ಇದರ ಗುಟ್ಟು ಸೊಗಸಾಗಿದೆ. ಓದುಗರು ಎರಡು ನಿಮಿಷ ಸಹಿಸಿಕೊಳ್ಳಬೇಕು. ಪ್ರಪಂಚಕ್ಕೆ ಒಂದು ಬೀಜ ಸಂಖ್ಯೆಯಿರುತ್ತದೆ. ಆ ಸಂಖ್ಯೆಯಿಂದ ಗುಡ್ಡ, ಹಳ್ಳ, ಕಾಡುಗಳನ್ನು ಲೆಕ್ಕ ಹಾಕಿ ತೆಗೆಯುವ ಒಂದು ವಿಧಾನವಿದೆ. ಅಮೆರಿಕದ ಕೆನ್ ಪರ್ಲಿನ್ ಎಂಬವರು 1980ರ ದಶಕದ ಆದಿಯಲ್ಲಿ ಸಿನಿಮಾ ಚಿತ್ರಗಳಿಗೆಂದು ಕಂಡುಹಿಡಿದು, 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಪಡೆದ ಗಣಿತವೇ ಇದರ ಬುನಾದಿ. ಅದೇ ಆವೃತ್ತಿಯಲ್ಲಿ ಅದೇ ಬೀಜ ಬಿತ್ತಿದರೆ ಎಲ್ಲಿಯಾದರೂ ಅದೇ ಗುಡ್ಡ, ಅದೇ ಹಳ್ಳ. ಆಟಗಾರ ಹತ್ತಿರ ಹೋಗುವವರೆಗೂ ಆ ಗುಡ್ಡವನ್ನು ಬರೆದಿಡುವ ಅಗತ್ಯವಿಲ್ಲ. ಹತ್ತಿರ ಹೋದಾಗ ಹದಿನಾರು ಉದ್ದ, ಹದಿನಾರು ಅಗಲ, 384 ಎತ್ತರದ ಒಂದೊಂದು ತುಂಡಾಗಿ, ಅಂದರೆ 98,304 ಘನಗಳ ಕಟ್ಟಾಗಿ, ಹುಟ್ಟಿಕೊಳ್ಳುತ್ತದೆ. ಅಂಥ 1,024 ತುಂಡುಗಳನ್ನು ಅದುಮಿ ಒಂದು ಕಡತದಲ್ಲಿ ಇಡುತ್ತಾರೆ. ನಡೆದ ನೆಲಕ್ಕೆ ಮಾತ್ರ ಕಡತ. ನಡೆಯದ ನೆಲ ಬರಿಯ ಸಂಖ್ಯೆ. ನಮ್ಮ ಕಂದಾಯ ಇಲಾಖೆಗೂ ಇಷ್ಟು ಸುಲಭದ ವ್ಯವಸ್ಥೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು!

ವಿಂಡೋಸ್ ಕಂಪ್ಯೂಟರಿನಲ್ಲಿ ಜಾವಾ ಆವೃತ್ತಿಯ ಈ ಕಡತಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಮೂಲೆಯ ಫೋಲ್ಡರಿನಲ್ಲಿರುತ್ತವೆ. ಆಟವನ್ನು ತೆರೆಯುವುದಕ್ಕೆ ಲಾಂಚರ್ ಎಂಬ ಒಂದು ದ್ವಾರಪಾಲಕ ಪ್ರೋಗ್ರಾಮ್ ಇದೆ. ಆಟದ ಫೋಲ್ಡರ್ ಎಲ್ಲಿದೆ ಎಂದು ಅದರಲ್ಲಿ ಬರೆಯಲು ಅವಕಾಶವಿದೆ. ಅಲ್ಲಿ ಪೆನ್ ಡ್ರೈವಿನ ವಿಳಾಸ ಕೊಟ್ಟರೆ ಪ್ರಪಂಚ ಕಡ್ಡಿಯಿಂದಲೇ ನಡೆಯತೊಡಗುತ್ತದೆ. ಮೊದಲ ವಾರ ಸಂಭ್ರಮವೋ ಸಂಭ್ರಮ. ಆಮೇಲೆ ತೊಡಕುಗಳು ಬಂದವು. ನಮ್ಮಲ್ಲಿ ಡ್ರೈವಿಗೆ 'ಇ' ಅಕ್ಷರ, ಅವರಲ್ಲಿ 'ಎಫ್'. ವಿಳಾಸ ತಪ್ಪಿದರೆ ಮನೆ ಕಾಣುವುದಿಲ್ಲ. ಆಟ ನಡೆಯುತ್ತಿರುವಾಗ ಸಣ್ಣ ಸಣ್ಣ ಬರಹಗಳು ಬಿಡುವಿಲ್ಲದೆ ಡಿಸ್ಕಿಗೆ ಹೋಗುತ್ತಿರುತ್ತವೆ. ದೊಡ್ಡ ಕಡತವೊಂದನ್ನು ಸಲೀಸಾಗಿ ನುಂಗುವ ಪೆನ್ ಡ್ರೈವ್ ಈ ಚಿಲ್ಲರೆ ಬರವಣಿಗೆಗೆ ಮುಗ್ಗರಿಸುತ್ತದೆ. ಆಟ ನಿಂತು ನಿಂತು ಸಾಗುತ್ತದೆ. ಬರೆದು ಅಳಿಸಿದಷ್ಟೂ ಅದರ ಕೋಶಗಳು ಸವೆಯುತ್ತವೆ ಎಂಬುದೂ ಸಣ್ಣ ಮಾತಲ್ಲ.

ಒಂದು ದಿನ ಅವಸರದಲ್ಲಿ ಆಟ ಮುಚ್ಚದೆಯೇ ಕಡ್ಡಿ ಕಿತ್ತುಬಿಟ್ಟಳು. ಮರುದಿನ ತೆರೆದು ನೋಡಿದರೆ ಹಿತ್ತಲ ಕೊಟ್ಟಿಗೆ ಇಲ್ಲ. ಅದಿದ್ದ ಜಾಗದಲ್ಲಿ ಹದಿನಾರು ಘನದ ಚೌಕದಲ್ಲಿ, ಚಾಕುವಿನಿಂದ ಕೊಯ್ದಂತೆ, ಯಾರೂ ಮುಟ್ಟದ ಆದಿಕಾಲದ ಗುಡ್ಡ ನಿಂತಿದೆ. ಬರಹ ಕೆಟ್ಟುಹೋದ ತುಂಡನ್ನು ಆಟ ಬೀಜದಿಂದ ಹೊಸದಾಗಿ ಹುಟ್ಟಿಸಿತ್ತು. ನಾವು ಕಟ್ಟಿದ್ದು ಹೋದರೆ ಏನು ಉಳಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವಳು ಅತ್ತಳು, ತಾತನಿಗೆ ಫೋನು ಮಾಡಿ ಮತ್ತೆ ಅಳತೆ ಕೇಳಿಕೊಂಡಳು. ಅದು 2020ರ ಕೊನೆ. 2021ರ ಮೇ ತಿಂಗಳಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಮನೆಯನ್ನು ಭಾಗ ಮಾಡಲಾಗದೆ ನಾವು ಮಕ್ಕಳು ಮಾರಿದೆವು. ಕೊಂಡವರು ಮರುವರ್ಷ ಅದನ್ನು ಕೆಡವಿ ಅಂಗಡಿಗಳನ್ನು ಕಟ್ಟಿಸಿದರು. ಅವರ ತಪ್ಪೇನೂ ಇಲ್ಲ; ಅವರ ಜಾಗ, ಅವರ ದುಡ್ಡು.

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ನಾವು ವೇಳಚೇರಿಯಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. 2015ರ ಪ್ರವಾಹವನ್ನು ಕಂಡವರಾದ್ದರಿಂದ ಅಕ್ಕಿಯ ಡಬ್ಬ, ಸರ್ಟಿಫಿಕೇಟುಗಳ ಚೀಲ, ಬೊಂಬೆಗಳ ಪೆಟ್ಟಿಗೆ ಇವಿಷ್ಟನ್ನು ಅಟ್ಟಕ್ಕೆ ಏರಿಸಿದ್ದೆವು. ಕಂಪ್ಯೂಟರ್ ಮೇಜಿನ ಕೆಳಗೇ ಉಳಿಯಿತು. ಸೊಂಟದುದ್ದ ನೀರು ಬಂದಾಗ ಮುಳುಗಿತು. ಮೇಜಿನ ಖಾನೆಯಲ್ಲಿದ್ದ ನನ್ನ ಡೈರಿಯೂ ಮುಳುಗಿತು. ನೀರಿಳಿದ ಮೇಲೆ ಕೆಸರು ತೊಳೆಯುತ್ತಿರುವಾಗ ಮಗಳು ಶಾಲೆಯ ಚೀಲದಿಂದ ಪೆನ್ ಡ್ರೈವ್ ತೆಗೆದು, "ಅಪ್ಪ, ತಾತನ ಮನೆ ನನ್ನ ಹತ್ರಾನೇ ಇದೆ" ಎಂದಳು. ಆ ಕ್ಷಣದಲ್ಲಿ ನನಗಾದ ಸಮಾಧಾನವನ್ನು ಬರೆದು ತಿಳಿಸಲಾರೆ.

ಆದರೆ ಸಮಾಧಾನ ಪೂರ್ಣವಾಗಿರಲಿಲ್ಲ. ನಂಗನಲ್ಲೂರಿಗೆ ಮನೆ ಬದಲಾಯಿಸಿ, ಹೊಸ ಲ್ಯಾಪ್‌ಟಾಪ್ ಕೊಂಡು, ಲಾಂಚರ್ ಹಾಕಿಕೊಂಡೆವು. ದ್ವಾರಪಾಲಕ ಖಾತೆಯ ಹೆಸರು, ಪಾಸ್‌ವರ್ಡ್ ಕೇಳಿದ. ಪಾಸ್‌ವರ್ಡ್ ಇದ್ದದ್ದು ಮುಳುಗಿದ ಡೈರಿಯಲ್ಲಿ. ಮರೆತರೆ ಕಳಿಸಲೆಂದು ಕೊಟ್ಟಿದ್ದ ಮೊಬೈಲ್ ಸಂಖ್ಯೆಯನ್ನು ನಾನು ಎರಡು ವರ್ಷ ಹಿಂದೆಯೇ ಬಿಟ್ಟಿದ್ದೆ, ಖಾತೆಯಲ್ಲಿ ತಿದ್ದಿಸಿರಲಿಲ್ಲ. ತಪ್ಪು ಪೂರ್ತಿ ನನ್ನದೇ, ಯಾರನ್ನೂ ದೂರುವಂತಿಲ್ಲ. ಪರಿಸ್ಥಿತಿ ಮಾತ್ರ ವಿಚಿತ್ರವಾಗಿತ್ತು: ಮನೆ ಕೈಯಲ್ಲಿದೆ, ಬೀಗದ ಕೈ ಇಲ್ಲ.

ಕೊನೆಗೆ ಹಳೆಯ ಎದುರುಮನೆಯ ಗೆಳತಿಯೇ ನೆರವಿಗೆ ಬಂದಳು. ಅವಳ ಖಾತೆ ಅವಳ ಕಂಪ್ಯೂಟರಿನಲ್ಲಿ ಸರಿಯಾಗಿತ್ತು. ನಮ್ಮ ಫೋಲ್ಡರನ್ನು ಅವಳ ಪ್ರಪಂಚಗಳ ಪಕ್ಕದಲ್ಲಿ ಇಟ್ಟ ಕೂಡಲೇ ತೊಟ್ಟಿ ಮನೆ ತೆರೆದುಕೊಂಡಿತು. ಅಷ್ಟೇ ಅಲ್ಲ, ಒಬ್ಬರೇ ಆಡುವ ಪ್ರಪಂಚದಲ್ಲಿ ಆಟಗಾರನ ಚೀಲವೂ ಆ ಫೋಲ್ಡರಿನಲ್ಲೇ ಇರುವುದರಿಂದ, ನನ್ನ ಮಗಳು ಬಿಟ್ಟುಹೋಗಿದ್ದ ಹೆಂಚು, ಮರ, ದೀಪಗಳೆಲ್ಲ ಆ ಹುಡುಗಿಯ ಕೈಗೆ ಬಂದವು. ತಿಪಟೂರನ್ನು ಎಂದೂ ಕಾಣದ ತಮಿಳು ಹುಡುಗಿ ನಮ್ಮ ನಡುಮನೆಯಲ್ಲಿ ನಿಂತು, ದೀಪ ಎಲ್ಲಿ ಇಡಲಿ ಎಂದು ಕೇಳಿದಳು.

ಇದರಿಂದ ನನಗೆ ಮನದಟ್ಟಾದದ್ದನ್ನು ನೇರವಾಗಿ ಹೇಳುತ್ತೇನೆ. ಕಟ್ಟುವ ಆಟವನ್ನು ಅಳೆಯಬೇಕಾದದ್ದು ಚಿತ್ರಗಳ ಅಂದದಿಂದಲ್ಲ, ಸಂಗೀತದ ಇಂಪಿನಿಂದಲೂ ಅಲ್ಲ. ಮಗು ಕಟ್ಟಿದ್ದನ್ನು ಮಗು ತೆಗೆದುಕೊಂಡು ಹೋಗಬಹುದೇ, ತಾನೇ ತೆರೆಯಬಹುದೇ ಎಂಬುದರಿಂದ. ಈ ಅಳತೆಗೋಲಿನಲ್ಲಿ ಮೈನ್‌ಕ್ರಾಫ್ಟ್‌ಗೆ ಅರ್ಧ ಅಂಕ. ಅದರ ಪ್ರಪಂಚ ಸಾಧಾರಣ ಫೋಲ್ಡರ್. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಸ್ನೇಹಿತರಿಗೆ ಕೊಡಬಹುದು. ಇದು ದೊಡ್ಡ ಔದಾರ್ಯ. ಎಷ್ಟೋ ಆಟಗಳಲ್ಲಿ ನಾವು ಕಟ್ಟಿದ್ದು ದೂರದ ಕಂಪ್ಯೂಟರಿನಲ್ಲೇ ಉಳಿದು, ಕಂಪನಿ ಬಾಗಿಲು ಹಾಕಿದ ದಿನ ಅಳಿಸಿಹೋಗುತ್ತದೆ. ಆದರೆ ಬಾಗಿಲು ಮಾತ್ರ ಸಂಸ್ಥೆಯದು. ಹಳೆಯ ಬಗೆಯ ಖಾತೆಗಳನ್ನೆಲ್ಲ ಮೈಕ್ರೋಸಾಫ್ಟ್ ಖಾತೆಗಳಾಗಿ ಬದಲಿಸಿಕೊಳ್ಳಬೇಕೆಂದು ಗಡುವು ಕೊಟ್ಟು 2023ರಲ್ಲಿ ಆ ಕೆಲಸವನ್ನು ಮುಗಿಸಿದರು. ಗಡುವು ಮೀರಿದವರು, ದುಡ್ಡು ಕೊಟ್ಟು ಕೊಂಡಿದ್ದರೂ, ಹಳೆಯ ಖಾತೆಯಿಂದ ಒಳಹೋಗಲಾರದಾದರು. ಮುಂಚಿತವಾಗಿ ಹಲವು ಬಾರಿ ತಿಳಿಸಿದ್ದರೆಂಬುದು ನಿಜ. ಆದರೂ ಮನೆಯ ಬೀಗವನ್ನು ಬದಲಿಸುವ ಅಧಿಕಾರ ಮನೆ ಕಟ್ಟಿದವನಿಗಲ್ಲದೆ ಬೇರೆಯವರಿಗೆ ಇರುವುದು ಬಾಡಿಗೆ ಮನೆಯಲ್ಲಿ ಮಾತ್ರ.

ಇಲ್ಲೊಂದು ಎಚ್ಚರಿಕೆಯ ಮಾತು. ಪೆನ್ ಡ್ರೈವಿನಿಂದಲೇ ನಡೆಯುವ, ಖಾತೆ ಕೇಳದ ಮೈನ್‌ಕ್ರಾಫ್ಟ್ ಎಂದು ಮಕ್ಕಳು ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವುದುಂಟು. ಅದು ಕಳ್ಳಮಾಲು. ಕಳ್ಳಮಾಲಿನ ಜೊತೆಗೆ ಇನ್ನೇನು ಬರುತ್ತದೆಂದು ಹೇಳಬರುವುದಿಲ್ಲ. ನೇರ ದಾರಿಯಲ್ಲೇ ಅಪಾಯ ತಪ್ಪಿದ್ದಲ್ಲ: 2023ರ ಜೂನಿನಲ್ಲಿ, ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕುಗಳ ಹೆಸರುವಾಸಿ ಭಂಡಾರಗಳಲ್ಲೇ ಫ್ರ್ಯಾಕ್ಚರೈಸರ್ ಎಂಬ ವೈರಸ್ ಹೊಕ್ಕು ಪಾಸ್‌ವರ್ಡುಗಳನ್ನು ಕದ್ದಿತ್ತು. ಪೆನ್ ಡ್ರೈವಂತೂ ಇಂಥ ರೋಗಗಳ ಹಳೆಯ ವಾಹನ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇಂಥ ಕಡ್ಡಿಗಳ ಮೂಲಕವೇ ಹರಡಿತು. ಸರ್ಕಾರಿ ಕಚೇರಿಗಳಲ್ಲಿ ಸ್ವಂತ ಪೆನ್ ಡ್ರೈವ್ ಹಾಕಬಾರದೆಂಬ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಆದ್ದರಿಂದ ಶಾಲೆಯ ಲ್ಯಾಬಿನಲ್ಲಿ ಮೇಷ್ಟರ ಅನುಮತಿಯಿಲ್ಲದೆ ಇದನ್ನು ಚುಚ್ಚಕೂಡದೆಂದು ಮಗಳಿಗೆ ಆಣೆ ಹಾಕಿಸಿದ್ದೇನೆ.

ಖಾತೆಯ ಬೀಗವಿಲ್ಲದ, ಕಳ್ಳಮಾಲೂ ಅಲ್ಲದ ಆಟ ಇಲ್ಲವೇ ಎಂದರೆ, ಇದೆ. ಅದರ ಹೆಸರು ಲುವಾಂಟಿ. ಫಿನ್ಲೆಂಡಿನ ಪೆರ್ತ್ತು ಅಹೋಲಾ ಎಂಬುವರು 2010ರಲ್ಲಿ ಮೈನ್‌ಟೆಸ್ಟ್ ಎಂಬ ಹೆಸರಿನಿಂದ ಆರಂಭಿಸಿದ್ದು. 2024ರ ಅಕ್ಟೋಬರಿನಲ್ಲಿ ಹೊಸ ಹೆಸರು ಇಟ್ಟರು. ಸೃಷ್ಟಿ ಎಂಬರ್ಥದ ಫಿನ್ನಿಷ್ ಪದ ಆ ಹೆಸರಿನಲ್ಲಿ ಅಡಗಿದೆ. ಇದು ಮುಕ್ತ ತಂತ್ರಾಂಶ: ದುಡ್ಡಿಲ್ಲ, ಖಾತೆಯಿಲ್ಲ, ಮೂಲ ಬರಹ ಎಲ್ಲರಿಗೂ ತೆರೆದಿದೆ, ನಕಲು ಮಾಡಿ ಹಂಚುವುದು ಅಪರಾಧವಲ್ಲ. ವಿಂಡೋಸಿಗೆ ಕೊಡುವ ಜಿಪ್ ಕಟ್ಟನ್ನು ಪೆನ್ ಡ್ರೈವಿನಲ್ಲಿ ಬಿಚ್ಚಿದರೆ ಸಾಕು. ಪ್ರೋಗ್ರಾಮ್, ಆಟದ ನಿಯಮ, ಪ್ರಪಂಚ, ಸಿದ್ಧತೆಗಳು ಎಲ್ಲವೂ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಕಡ್ಡಿಯನ್ನು ಎಲ್ಲಿ ಚುಚ್ಚಿದರೆ ಅಲ್ಲೇ ಮನೆ, ಅಲ್ಲೇ ಬಾಗಿಲು, ಅಲ್ಲೇ ಬೀಗದ ಕೈ. ಡ್ರೈವಿನ ಅಕ್ಷರ ಬದಲಾದರೂ ಚಿಂತೆಯಿಲ್ಲ. ಸಾಧಾರಣ ಯಂತ್ರದಲ್ಲೂ ನಡೆಯುತ್ತದೆ. ತಮಿಳುನಾಡು ಸರ್ಕಾರ 2011ರಿಂದ ಶಾಲಾ ಮಕ್ಕಳಿಗೆ ಉಚಿತವಾಗಿ ಹಂಚಿದ ಲ್ಯಾಪ್‌ಟಾಪುಗಳಲ್ಲಿ ಒಂದು ಎದುರುಮನೆಯ ಹುಡುಗಿಯ ಅಣ್ಣನ ಬಳಿ ಇತ್ತು. ಹೊಸ ಆಟಗಳನ್ನು ಎಳೆಯಲಾರದ ಆ ಮುದಿ ಯಂತ್ರದಲ್ಲೂ ನಾವು ಇದನ್ನು ಆಡಿ ನೋಡಿದ್ದೇವೆ. ನಮ್ಮ ಚೆನ್ನೈಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸಿನಂಥ ವ್ಯವಸ್ಥೆಗಳಿಗೆ ಪ್ರೋಗ್ರಾಮನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಪ್ರಪಂಚದ ಫೋಲ್ಡರ್ ಮಾತ್ರ ಅದೇ.

ಇದರ ಕೊರತೆಗಳನ್ನೂ ಹೇಳದಿದ್ದರೆ ವಿಮರ್ಶೆ ಜಾಹೀರಾತಾದೀತು. ಮೊದಲನೆಯದಾಗಿ, ಲುವಾಂಟಿ ಬರಿಯ ರಂಗಸ್ಥಳ. ನಾಟಕವನ್ನು ಬೇರೆಯಾಗಿ ತಂದುಕೊಳ್ಳಬೇಕು. ಮೊದಲ ಬಾರಿ ಇಂಟರ್‌ನೆಟ್ ಇರುವಲ್ಲಿ ಕುಳಿತು ಮೈನ್‌ಟೆಸ್ಟ್ ಗೇಮ್, ವಾಕ್ಸೆಲಿಬ್ರೆ ಮುಂತಾದ ಆಟಗಳಲ್ಲಿ ಒಂದನ್ನು ಇಳಿಸಿಕೊಂಡ ಮೇಲೆಯೇ ಕೆಲಸ ಶುರು. ಎರಡನೆಯದಾಗಿ, ಕುಸುರಿಯಲ್ಲಿ ಮೈನ್‌ಕ್ರಾಫ್ಟಿಗೆ ಸಮನಲ್ಲ. ಹಲವರು ಹಲವು ಕಾಲದಲ್ಲಿ ಮಾಡಿದ್ದೆಂಬುದು ಎದ್ದು ಕಾಣುತ್ತದೆ. ಮೂರನೆಯದು ತಾಂತ್ರಿಕವಾದದ್ದು. ಇದರ ಪ್ರಪಂಚದ ನಕ್ಷೆ ಸಾಮಾನ್ಯವಾಗಿ ಒಂದೇ ದೊಡ್ಡ ಕಡತವಾಗಿ ಬೆಳೆಯುತ್ತದೆ. ಪೆನ್ ಡ್ರೈವುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್-32 ಎಂಬ ಹಳೆಯ ಜೋಡಣೆಯಲ್ಲಿ ಒಂದು ಕಡತ 4 ಗಿಗಾಬೈಟನ್ನು ಮೀರುವಂತಿಲ್ಲ. ಬಹಳ ತಿರುಗಾಡುವ ಮಕ್ಕಳು ಕಡ್ಡಿಯನ್ನು ಎಕ್ಸ್‌ಫ್ಯಾಟ್ ಕ್ರಮಕ್ಕೆ ಮೊದಲೇ ಬದಲಿಸಿಕೊಳ್ಳುವುದು ಮೇಲು. ಮೈನ್‌ಕ್ರಾಫ್ಟಿನಲ್ಲಿ ನೆಲವೆಲ್ಲ ಸಣ್ಣ ಸಣ್ಣ ಕಡತಗಳಾಗಿ ಹಂಚಿಹೋಗಿರುವುದರಿಂದ ಈ ಬಾಧೆಯಿಲ್ಲ. ತೆಂಗು ಇಲ್ಲಿಯೂ ತಾನಾಗಿ ಬರಲಿಲ್ಲ; ಆದರೆ ನಿಯಮಗಳೇ ತೆರೆದಿರುವುದರಿಂದ ತೆಂಗನ್ನು ಮಾಡಿ ಸೇರಿಸಿಕೊಳ್ಳಬಹುದು. ಮಗಳು ಈಗ ಅದಕ್ಕೆಂದೇ ಲುವಾ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿಯುತ್ತಿದ್ದಾಳೆ. ಎಳನೀರು ಕುಡಿದರೆ ಆಯಾಸ ಕಳೆಯಬೇಕೆಂಬುದು ಅವಳ ಯೋಜನೆ.

ಎರಡಕ್ಕೂ ಸೇರಿದ ಒಂದು ದೋಷವನ್ನು ಕನ್ನಡಿಗನಾಗಿ ಎತ್ತಿ ಹೇಳದೆ ವಿಧಿಯಿಲ್ಲ. ಮೈನ್‌ಕ್ರಾಫ್ಟಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಅದನ್ನು ಮಾಡಿದವರು ಸಂಬಳವಿಲ್ಲದ ಸ್ವಯಂಸೇವಕರು; ಅವರಿಗೆ ನಮಸ್ಕಾರ. ಆದರೆ ಮಗಳು ಬಾಗಿಲ ಪಕ್ಕದ ಹಲಗೆಯ ಮೇಲೆ 'ಅಜ್ಜಿ ತಾತನ ಮನೆ' ಎಂದು ಬರೆದಾಗ, ನಮ್ಮ ಕಂಪ್ಯೂಟರಿನಲ್ಲಿ ಜಕಾರದ ಒತ್ತು ಕೆಳಗೆ ಇಳಿಯಲೇ ಇಲ್ಲ. ಎರಡು ಜಕಾರಗಳು ಅಕ್ಕಪಕ್ಕದಲ್ಲಿ ಜಗಳವಾಡಿಕೊಂಡಂತೆ ನಿಂತವು. ಲುವಾಂಟಿಯಲ್ಲೂ ನಮಗೆ ಇದೇ ಅನುಭವ. ಮನೆಯಲ್ಲಿ ಮಾತ್ರ ಕನ್ನಡ ಕೇಳಿ, ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದುವ ಮಗು ಒತ್ತಕ್ಷರವನ್ನು ಕಲಿಯಲು ಎಷ್ಟು ಕಷ್ಟಪಡುತ್ತದೆಂದು ನಮಗೆಲ್ಲ ಗೊತ್ತು. ಕಷ್ಟಪಟ್ಟು ಕಲಿತು ಬರೆದದ್ದನ್ನು ಯಂತ್ರವೇ ತಪ್ಪಾಗಿ ತೋರಿಸಿದರೆ ಮಗು ಯಾರನ್ನು ನಂಬಬೇಕು? ಅವಳು ಹಲಗೆ ಕಿತ್ತು, ಒಂದೊಂದು ಘನವನ್ನೇ ಚುಕ್ಕಿಯಾಗಿ ಇಟ್ಟು, ರಂಗೋಲಿಯಂತೆ ಅಕ್ಷರ ಬರೆದಳು. ಒತ್ತು ಸರಿಯಾಗಿ ಕೆಳಗೆ ಕೂತಿದೆ. ಹತ್ತು ಆಳಿನಷ್ಟು ಎತ್ತರವಾಯಿತು, ಅಷ್ಟೇ.

ಕೊನೆಯದಾಗಿ ಗುಮಾಸ್ತನ ಸಲಹೆ. ಪೆನ್ ಡ್ರೈವ್ ಪ್ರಯಾಣಕ್ಕೆ ಸರಿ, ವಾಸಕ್ಕಲ್ಲ. ಅದು ಕಳೆಯುತ್ತದೆ, ಸವೆಯುತ್ತದೆ, ಒಗೆಯುವ ಬಟ್ಟೆಯ ಜೇಬಿನಲ್ಲಿ ಹೋಗುತ್ತದೆ. ಕಚೇರಿಯಲ್ಲಿ ನಾವು ಮಾಡುವಂತೆ ಮೂರು ಪ್ರತಿ ಇಡಿ: ಮೂಲ ಪ್ರತಿ ಕಂಪ್ಯೂಟರಿನಲ್ಲಿ, ಸಂಚಾರಿ ಪ್ರತಿ ಪೆನ್ ಡ್ರೈವಿನಲ್ಲಿ, ರಕ್ಷಾ ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿ. ಫೋಲ್ಡರಿನ ಹೆಸರಿನಲ್ಲೇ ತಾರೀಖು ಬರೆಯಿರಿ. ಇಲ್ಲದಿದ್ದರೆ ಹಳೆಯದರಿಂದ ಹೊಸದನ್ನು ಅಳಿಸಿಬಿಡುವ ಅಪಾಯವುಂಟು. ಆಟ ಮುಚ್ಚಿ, ಡ್ರೈವನ್ನು ವಿಧಿಪೂರ್ವಕವಾಗಿ ಬಿಡಿಸಿದ ಮೇಲೆಯೇ ಕೀಳಿ. ಖಾತೆಯ ಪಾಸ್‌ವರ್ಡ್ ಬರೆದ ಡೈರಿಯನ್ನು ಸರ್ಟಿಫಿಕೇಟುಗಳ ಚೀಲದಲ್ಲಿ ಇಡಿ, ಮೇಜಿನ ಖಾನೆಯಲ್ಲಲ್ಲ.

ನಮ್ಮ ರಕ್ಷಾ ಪ್ರತಿ ಈಗ ಹಾಸನದಲ್ಲಿ ನಮ್ಮ ಅಕ್ಕನ ಮನೆಯಲ್ಲಿದೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಮಗಳು ಅದನ್ನು ತೆರೆದು ಸೋದರತ್ತೆಗೆ ತೋರಿಸಿದಳು. ಖಾತೆಯನ್ನು ಮರಳಿ ಪಡೆಯಲಾಗದೆ ಮೈನ್‌ಕ್ರಾಫ್ಟನ್ನು ನಾನು ಎರಡನೆಯ ಬಾರಿ ಕೊಂಡಿದ್ದೇನೆ ಎಂಬುದನ್ನು ಇಲ್ಲಿ ನಾಚಿಕೆಯಿಂದ ದಾಖಲಿಸುತ್ತೇನೆ. ಅಕ್ಕ ಬಹಳ ಹೊತ್ತು ಮಾತಾಡದೆ ನೋಡಿದರು. ಆಮೇಲೆ, "ಅಟ್ಟದ ಏಣಿ ಇಲ್ಲಿರಲಿಲ್ಲ ಕಣೆ, ಅಡಿಗೆಮನೆ ಪಕ್ಕಕ್ಕಿತ್ತು. ನಾನು ಅದರ ಮೇಲಿಂದ ಬಿದ್ದು ಹಲ್ಲು ಮುರ್ಕೊಂಡಿದ್ದೆ" ಎಂದರು. "ತಾತ ಇಲ್ಲೇ ಅಂದಿದ್ರು ಅತ್ತೆ" ಎಂದಳು ಇವಳು. ಇಬ್ಬರಲ್ಲಿ ಯಾರು ಸರಿಯೆಂದು ನಿರ್ಣಯಿಸಲು ಈಗ ಮನೆಯಿಲ್ಲ, ಹೇಳಿದವರೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ ಮಗಳು ಎರಡು ಏಣಿಗಳನ್ನೂ ಇಟ್ಟಳು.

ಕಡತ ಎಲ್ಲಿದೆ, ಯಾರ ವಶದಲ್ಲಿದೆ, ಪ್ರತಿ ಇದೆಯೇ ಎಂದು ಆರಂಭದಲ್ಲಿ ಕೇಳಿದ್ದೆ. ಕಡತ ಮಗಳ ಜೇಬಿನಲ್ಲಿದೆ, ಪ್ರತಿ ಹಾಸನದಲ್ಲಿದೆ. ವಶದ ಪ್ರಶ್ನೆಗೆ ಮಾತ್ರ ಮೈನ್‌ಕ್ರಾಫ್ಟ್ ಅರ್ಧ ಉತ್ತರ ಕೊಡುತ್ತದೆ, ಲುವಾಂಟಿ ಪೂರ್ತಿ ಕೊಡುತ್ತದೆ. ಕಟ್ಟುವ ಸುಖಕ್ಕೆ ಮೊದಲನೆಯದು, ಇಟ್ಟುಕೊಳ್ಳುವ ನಿಶ್ಚಿಂತೆಗೆ ಎರಡನೆಯದು. ಮನೆಯಲ್ಲಿ ಆಟದ ಮೇಲೆ ಜಗಳವಾಡುವ ತಂದೆತಾಯಿಯರು ಮಗುವನ್ನು ಬೈಯುವ ಮೊದಲು, ಒಮ್ಮೆ ಪಕ್ಕದಲ್ಲಿ ಕುಳಿತು, ಏನು ಕಟ್ಟುತ್ತಿದ್ದೀಯೆ ಎಂದು ಕೇಳಬೇಕೆಂದು ಪ್ರಾರ್ಥಿಸುತ್ತೇನೆ. ಊರಿನಲ್ಲಿ ಹಿರಿಯರಿದ್ದರೆ ಅವರನ್ನು ಅಳತೆ ಕೇಳಿಸಿ. ತಡಮಾಡಬೇಡಿ.